ಕೊಕ್ಕೆಗೆ ಸಿಗದ ಹಗ್ಗ: ಎಫ್-35ಸಿ ವಿಮಾನದ ಒಂದು ಪ್ರಕರಣ

2011ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲೇಕ್‌ಹರ್ಸ್ಟ್ ನೆಲೆಯಲ್ಲಿ ಒಂದು ಪರೀಕ್ಷೆ ನಡೆಯಿತು. ರನ್‌ವೇಗೆ ಅಡ್ಡಲಾಗಿ ಒಂದು ಉಕ್ಕಿನ ಹಗ್ಗ ಕಟ್ಟಿದ್ದರು. ಎಫ್-35ಸಿ ಎಂಬ ಹೊಸ ಸ್ಟೆಲ್ತ್ ಯುದ್ಧವಿಮಾನ ಹೊಟ್ಟೆಯಡಿಯ ಕೊಕ್ಕೆಯನ್ನು ಇಳಿಬಿಟ್ಟುಕೊಂಡು ಆ ಹಗ್ಗದತ್ತ ಓಡಿತು. ಕೊಕ್ಕೆಗೆ ಹಗ್ಗ ಸಿಕ್ಕಿ ವಿಮಾನ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಗ್ಗ ಹಿಂದೆ ಉಳಿಯಿತು, ವಿಮಾನ ಮುಂದೆ ಹೋಯಿತು. ಮತ್ತೆ ಓಡಿಸಿದರು. ಮತ್ತೆ ಹಾಗೇ ಆಯಿತು. ಎಂಟು ಸಲ ಓಡಿಸಿದರು. ಎಂಟು ಸಲವೂ ಕೊಕ್ಕೆಗೆ ಹಗ್ಗ ಸಿಗಲಿಲ್ಲ.

ಸುದ್ದಿ ಹೊರಬಿದ್ದಾಗ ತುಂಬ ಜನ ನಕ್ಕರು. ರಾಡಾರ್ ಕಣ್ಣು ತಪ್ಪಿಸುವ ಮೈ, ಸುತ್ತಲಿನ ಆಕಾಶವನ್ನೆಲ್ಲ ಪೈಲಟ್‌ನ ಹೆಲ್ಮೆಟ್ಟಿನೊಳಗೇ ತೋರಿಸುವ ಕ್ಯಾಮೆರಾಗಳು, ಇಷ್ಟೆಲ್ಲ ಇಟ್ಟುಕೊಂಡ ವಿಮಾನಕ್ಕೆ ಒಂದು ಹಗ್ಗ ಹಿಡಿಯಲು ಬರುವುದಿಲ್ಲವಾ ಅಂತ. ನನಗೆ ನಗು ಬರಲಿಲ್ಲ. ಈ ಪ್ರಕರಣವನ್ನು ಓದುತ್ತಾ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಇಲ್ಲಿ ಯಾರೂ ದಡ್ಡರಿರಲಿಲ್ಲ. ವಿಮಾನದ ಮೈ ರೂಪಿಸಿದವರು ತಮ್ಮ ಕೆಲಸ ಚೆನ್ನಾಗಿ ಮಾಡಿದ್ದರು. ಹಗ್ಗದ ಲೆಕ್ಕ ಹಾಕಿದವರಿಗೂ ಹಡಗಿನ ಅನುಭವ ದಶಕಗಳದ್ದು. ತಪ್ಪು ಅಡಗಿದ್ದದ್ದು ಒಬ್ಬರ ಕೆಲಸ ಇನ್ನೊಬ್ಬರ ಕೆಲಸವನ್ನು ಮುಟ್ಟುವ ಜಾಗದಲ್ಲಿ. ಆ ಜಾಗದ ಅಳತೆಯೂ ಗೊತ್ತಿದೆ: 7.1 ಅಡಿ.

ಹಡಗಿನ ಮೇಲೆ ಇಳಿಯುವುದು

ಮೊದಲು ಈ ಕೊಕ್ಕೆ ಯಾಕೆ ಬೇಕು ಅಂತ ನೋಡೋಣ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ ಉದ್ದ 4,000 ಮೀಟರ್. ಅಮೆರಿಕದ ನಿಮಿಟ್ಜ್ ವರ್ಗದ ವಿಮಾನವಾಹಕ ನೌಕೆಯ ಉದ್ದ, ಮೂತಿಯಿಂದ ಬಾಲದವರೆಗೆ ಎಲ್ಲ ಸೇರಿ, ಸುಮಾರು 330 ಮೀಟರ್. ಅದರಲ್ಲಿ ಇಳಿಯಲು ಸಿಗುವ ಜಾಗ ಇನ್ನೂ ಕಡಿಮೆ. ಆ ಜಾಗವೂ ಒಂದೇ ಕಡೆ ನಿಲ್ಲುವುದಿಲ್ಲ. ಹಡಗು ಮುಂದಕ್ಕೆ ಸಾಗುತ್ತಿರುತ್ತದೆ, ಅಲೆಗೆ ಏಳುತ್ತಾ ಬೀಳುತ್ತಾ ಇರುತ್ತದೆ. 15 ಟನ್‌ಗೂ ಜಾಸ್ತಿ ತೂಕದ ವಿಮಾನ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಅಲ್ಲಿಗೆ ಬಂದು ಬೀಳಬೇಕು. ಹೌದು, ಬೀಳಬೇಕು. ನಾವು ಪ್ರಯಾಣಿಕ ವಿಮಾನದಲ್ಲಿ ಕೂತಾಗ ಅನುಭವಿಸುವ ಮೆತ್ತನೆಯ ಇಳಿತ ಅಲ್ಲಿಲ್ಲ. ಬ್ರೇಕ್ ಹಾಕಿ ನಿಲ್ಲಿಸುವ ಮಾತೂ ಇಲ್ಲ, ಅಷ್ಟು ಜಾಗವೇ ಇಲ್ಲವಲ್ಲ.

ಅದಕ್ಕೇ ಡೆಕ್, ಅಂದರೆ ಹಡಗಿನ ಮೇಲಿನ ಬಯಲು ಅಂಗಳದ ಮೇಲೆ ಅಡ್ಡಲಾಗಿ ಉಕ್ಕಿನ ಹಗ್ಗಗಳನ್ನು ಹಾಕಿರುತ್ತಾರೆ. ನಿಮಿಟ್ಜ್ ನೌಕೆಯಲ್ಲಿ ಇಂಥವು ನಾಲ್ಕು. ಒಂದೊಂದು ಹಗ್ಗವೂ ಸುಮಾರು ಮೂರೂವರೆ ಸೆಂಟಿಮೀಟರ್ ದಪ್ಪ, ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ್ದು. ಎರಡೂ ತುದಿ ಡೆಕ್ಕಿನ ಕೆಳಗಿಳಿದು ಒಂದು ದೊಡ್ಡ ಹೈಡ್ರಾಲಿಕ್ ಯಂತ್ರಕ್ಕೆ ಸೇರುತ್ತವೆ. ವಿಮಾನ ಹಗ್ಗವನ್ನು ಎಳೆದುಕೊಂಡು ಹೋದಂತೆ ಆ ಯಂತ್ರ ಎಳೆತವನ್ನೆಲ್ಲ ನುಂಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ವಿಮಾನ ನಿಂತಿರುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಈ ಪ್ರಕರಣಕ್ಕೆ ಅದೇ ಮುಖ್ಯ. ಹಗ್ಗ ಡೆಕ್ ಮೇಲೆ ಸುಮ್ನೆ ಬಿದ್ದುಕೊಂಡಿರುವುದಿಲ್ಲ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಅದನ್ನು ಡೆಕ್ಕಿನಿಂದ ಕೆಲವೇ ಇಂಚು ಮೇಲೆ ಎತ್ತಿ ಹಿಡಿದಿರುತ್ತವೆ. ಆ ಸಂದಿಯೊಳಗೆ ಕೊಕ್ಕೆಯ ಮೊನೆ ನುಗ್ಗಬೇಕು. ನುಗ್ಗಿದರೆ ಸರಿ. ಇಲ್ಲದಿದ್ದರೆ ವಿಮಾನ ಮತ್ತೆ ಗಾಳಿಗೇಳಬೇಕು. ಅದಕ್ಕಾಗಿಯೇ ಚಕ್ರ ಡೆಕ್ ಮುಟ್ಟಿದ ಕೂಡಲೇ ಪೈಲಟ್ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುತ್ತಾರೆ. ನಿಲ್ಲಲೆಂದು ಬಂದವರು ಹಾರಲು ಸಿದ್ಧರಾಗಿ ನೆಲ ಮುಟ್ಟುತ್ತಾರೆ. ಹಗ್ಗ ತಪ್ಪಿ ಹಾರಿಹೋಗುವುದಕ್ಕೆ ನೌಕಾಪಡೆಯವರು ಬೋಲ್ಟರ್ ಅನ್ನುತ್ತಾರೆ. ಅಪರೂಪಕ್ಕೆ ಆದರೆ ಪರವಾಗಿಲ್ಲ. ರಾತ್ರಿ ಹೊತ್ತು, ನಡುಸಮುದ್ರದಲ್ಲಿ, ಇಂಧನ ತಳ ಕಂಡಿರುವಾಗ ಮತ್ತೆ ಮತ್ತೆ ಆದರೆ ಜೀವಕ್ಕೇ ಅಪಾಯ.

ಕೊಕ್ಕೆಯನ್ನು ಬಚ್ಚಿಟ್ಟದ್ದು ಯಾಕೆ

ಹಳೆಯ ನೌಕಾ ವಿಮಾನಗಳ ಚಿತ್ರ ನೋಡಿ. ಕೊಕ್ಕೆ ಬಾಲದ ತುದಿಯಲ್ಲಿ, ಎಂಜಿನ್ನುಗಳ ಕೆಳಗೆ, ಬಯಲಲ್ಲೇ ಇರುತ್ತದೆ. ಚಕ್ರಗಳಿಗೂ ಅದಕ್ಕೂ ಸಾಕಷ್ಟು ದೂರ. ಸ್ಟೆಲ್ತ್ ವಿಮಾನದಲ್ಲಿ ಹಾಗೆ ಬಿಡಲು ಆಗುವುದಿಲ್ಲ.

ಸ್ಟೆಲ್ತ್ ಅಂದರೆ ರಾಡಾರ್‌ಗೆ ಕಾಣುವುದೇ ಇಲ್ಲ ಅಂತ ಅನೇಕರು ಅಂದುಕೊಂಡಿದ್ದಾರೆ. ಕಾಣುತ್ತದೆ, ಆದರೆ ತುಂಬ ಹತ್ತಿರ ಬಂದ ಮೇಲೆ ಕಾಣುತ್ತದೆ. ಆ ತಡವೇ ಅದರ ಬಲ. ರಾಡಾರ್ ಅಲೆ ವಿಮಾನಕ್ಕೆ ಬಡಿದು ಬಂದ ದಾರಿಯಲ್ಲೇ ವಾಪಸ್ಸಾದರೆ ಶತ್ರುವಿಗೆ ಗುರುತು ಸಿಗುತ್ತದೆ. ಹಾಗಾಗಿ ಮೈಯ ಮೇಲ್ಮೈಗಳನ್ನು ಅಲೆ ಬೇರೆ ಕಡೆ ಚದುರುವ ಹಾಗೆ ಓರೆಯಾಗಿ ಇಡುತ್ತಾರೆ. ಅಂಚುಗಳನ್ನೆಲ್ಲ ಕೆಲವೇ ದಿಕ್ಕುಗಳಿಗೆ ಸಾಲಾಗಿ ಜೋಡಿಸುತ್ತಾರೆ. ಬಾಂಬು, ಕ್ಷಿಪಣಿಗಳನ್ನು ಹೊಟ್ಟೆಯೊಳಗೆ ತುಂಬುತ್ತಾರೆ. ಬಾಗಿಲುಗಳ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಬಾಲದಡಿ ಒಂದು ಉಕ್ಕಿನ ಕೊಕ್ಕೆ ನೇತಾಡುತ್ತಿದ್ದರೆ? ಮನೆಯ ದೀಪವೆಲ್ಲ ಆರಿಸಿ ಜಗುಲಿಯಲ್ಲಿ ಒಂದು ಲಾಟೀನು ಬಿಟ್ಟ ಹಾಗೆ.

ಆದ್ದರಿಂದ ಎಫ್-35ಸಿಯ ಕೊಕ್ಕೆ ಹೊಟ್ಟೆಯಡಿಯ ಒಂದು ಗೂಡಿನಲ್ಲಿ ಮಲಗಿರುತ್ತದೆ. ಮೇಲೆ ಬಾಗಿಲು ಮುಚ್ಚಿರುತ್ತದೆ. ಇಳಿಯುವಾಗ ಮಾತ್ರ ಬಾಗಿಲು ತೆರೆದು ಕೊಕ್ಕೆ ಕೆಳಗೆ ಬರುತ್ತದೆ.

ಗೂಡನ್ನು ಎಲ್ಲಿಡುವುದು? ಇಲ್ಲಿ ವಿಮಾನದ ಹುಟ್ಟಿನ ಕತೆ ಬರುತ್ತದೆ. 2001ರ ಅಕ್ಟೋಬರ್ 26ರಂದು ಲಾಕ್‌ಹೀಡ್ ಮಾರ್ಟಿನ್ ಕಂಪನಿ ಬೋಯಿಂಗನ್ನು ಹಿಂದಿಕ್ಕಿ ಈ ಯೋಜನೆಯನ್ನು ಗೆದ್ದಿತು. ಷರತ್ತು ಏನೆಂದರೆ, ಒಂದೇ ಮೂಲ ವಿನ್ಯಾಸದಿಂದ ಮೂರು ವಿಮಾನ ಹುಟ್ಟಬೇಕು. ವಾಯುಪಡೆಗೆ ಸಾಮಾನ್ಯ ರನ್‌ವೇ ಬಳಸುವ ಎಫ್-35ಎ. ಮೆರೀನ್ ಪಡೆಗೆ ನೇರವಾಗಿ ಕೆಳಗಿಳಿಯಬಲ್ಲ ಎಫ್-35ಬಿ. ನೌಕಾಪಡೆಗೆ ದೊಡ್ಡ ಹಡಗಿನಿಂದ ಹಾರುವ ಎಫ್-35ಸಿ. ಸಿ ಮಾದರಿಗೆ ನಿಧಾನವಾಗಿ ಹಾರಿ ಇಳಿಯಲು ದೊಡ್ಡ ರೆಕ್ಕೆ ಬೇಕಿತ್ತು, ಕೊಟ್ಟರು. ಉಳಿದೆರಡರ ರೆಕ್ಕೆ 460 ಚದರ ಅಡಿ ಆದರೆ ಇದರದ್ದು 668. ಹಡಗಿನಲ್ಲಿ ಜಾಗ ಉಳಿಸಲು ರೆಕ್ಕೆಯ ತುದಿ ಮಡಚುವ ಹಾಗೆ ಮಾಡಿದರು. ಚಕ್ರದ ಕಾಲುಗಳನ್ನು ಗಟ್ಟಿ ಮಾಡಿದರು. ಆದರೆ ಒಡಲು ಮಾತ್ರ ಹೆಚ್ಚುಕಡಿಮೆ ಅದೇ ಗಿಡ್ಡ ಒಡಲು. ಬಾಲದಲ್ಲಿ ಒಂದೇ ದೊಡ್ಡ ಎಂಜಿನ್ನಿನ ಬಿಸಿ ಬಾಯಿ ಇಡೀ ಜಾಗವನ್ನು ತುಂಬಿಕೊಂಡಿದೆ. ಕೊಕ್ಕೆ ಮುಂದಕ್ಕೆ ಸರಿಯಲೇಬೇಕಾಯಿತು. ಸರಿಯುತ್ತಾ ಸರಿಯುತ್ತಾ ಮುಖ್ಯ ಚಕ್ರಗಳ ಹತ್ತಿರಕ್ಕೇ ಬಂತು.

ಹೀಗೆ ಹುಟ್ಟಿದ್ದು ಆ 7.1 ಅಡಿ. ಮುಖ್ಯ ಚಕ್ರ ನೆಲ ಮುಟ್ಟುವ ಜಾಗದಿಂದ ಕೊಕ್ಕೆಯ ಮೊನೆಗೆ ಇರುವ ದೂರ. ಅಮೆರಿಕದ ನೌಕಾಪಡೆಯ ಹಳೆಯ ಹಾರ್ನೆಟ್ ಯುದ್ಧವಿಮಾನಗಳಲ್ಲಿ ಈ ದೂರ ಇದರ ಎರಡು ಪಟ್ಟಿಗೂ ಜಾಸ್ತಿ.

ಸೆಕೆಂಡಿನ ನೂರರಲ್ಲಿ ಮೂರು ಪಾಲು

ಮಲೆನಾಡಿನ ರಸ್ತೆಗಳಲ್ಲಿ ತೋಟಕ್ಕೆ ನೀರು ಬಿಡುವ ಪೈಪನ್ನು ಅಡ್ಡಲಾಗಿ ಹಾಕಿರುತ್ತಾರೆ, ನೋಡಿರುತ್ತೀರಿ ಅಲ್ವಾ? ಬೈಕಿನ ಚಕ್ರ ಹತ್ತಿದ ಕ್ಷಣ ಪೈಪು ನೆಲಕ್ಕೆ ಅಂಟುತ್ತದೆ. ಚಕ್ರ ದಾಟಿದ ಮೇಲೆ ಮೇಲಕ್ಕೆ ಪುಟಿಯುತ್ತದೆ. ಉಕ್ಕಿನ ಹಗ್ಗವೂ ಹಾಗೇ. ವಿಮಾನದ ಮುಖ್ಯ ಚಕ್ರಗಳು ಎಡಕ್ಕೊಂದು ಬಲಕ್ಕೊಂದು ಹಗ್ಗವನ್ನು ತುಳಿಯುತ್ತವೆ. ಎತ್ತಿ ಹಿಡಿದಿದ್ದ ಉಕ್ಕಿನ ಪಟ್ಟಿಗಳ ಸಮೇತ ಹಗ್ಗ ನೆಲ ಕಚ್ಚುತ್ತದೆ. ತುಳಿದ ಜಾಗಗಳಿಂದ ಒಂದು ಅಲೆ ಹಗ್ಗದ ಉದ್ದಕ್ಕೂ ಓಡುತ್ತದೆ. ಆಮೇಲೆ ಹಗ್ಗ ಮೇಲಕ್ಕೆ ಚಿಮ್ಮುತ್ತದೆ. ಕೊಕ್ಕೆ ಬರುವುದು ಚಕ್ರಗಳ ಹಿಂದೆ, ನಡುವಿನಲ್ಲಿ. ಅದು ಬರುವ ಹೊತ್ತಿಗೆ ಹಗ್ಗ ಎದ್ದಿರಬೇಕು.

ಎಷ್ಟು ಹೊತ್ತು ಸಿಗುತ್ತದೆ? ನೀವೇ ಲೆಕ್ಕ ಹಾಕಬಹುದು. ಗಂಟೆಗೆ 250 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 69 ಮೀಟರ್. 7.1 ಅಡಿ ಅಂದರೆ 2.16 ಮೀಟರ್. ಭಾಗಿಸಿದರೆ 0.03 ಸೆಕೆಂಡು. ನಾವು ಕಣ್ಣು ಮಿಟುಕಿಸಲೂ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ತುಳಿಸಿಕೊಂಡ ಹಗ್ಗ ಅಷ್ಟರಲ್ಲಿ ಎದ್ದು ನಿಲ್ಲಬೇಕು. ಕೊಕ್ಕೆ ದೂರದಲ್ಲಿರುವ ಹಾರ್ನೆಟ್‌ಗೆ ಎರಡು ಪಟ್ಟಿಗೂ ಜಾಸ್ತಿ ಸಮಯ ಸಿಗುತ್ತದೆ. ಹಗ್ಗಕ್ಕೆ ಆ ಸಮಯ ಸಾಕು.

ಎಫ್-35ಸಿಯ ವಿಷಯದಲ್ಲಿ ಕೊಕ್ಕೆ ಬರುವಾಗ ಹಗ್ಗ ಇನ್ನೂ ನೆಲಕ್ಕೆ ಅಂಟಿಕೊಂಡೇ ಇತ್ತು. ಕೊಕ್ಕೆಯ ಮೊನೆ ಅದರ ಮೇಲೆ ಜಾರಿಹೋಯಿತು. ಇದರ ಜೊತೆ ಇನ್ನೆರಡು ತೊಂದರೆ ಸೇರಿಕೊಂಡವು. ಒಂದು, ಮೊನೆಯ ಆಕಾರ. ನೆಲಕ್ಕೆ ಮಲಗಿದ ಹಗ್ಗವನ್ನು ಕೆಳಗಿನಿಂದ ಬಾಚಿ ಎತ್ತುವಂಥ ಮೊನೆ ಅದಾಗಿರಲಿಲ್ಲ. ಇನ್ನೊಂದು, ಕೊಕ್ಕೆಯನ್ನು ಕೆಳಕ್ಕೆ ಒತ್ತಿ ಹಿಡಿಯುವ ಡ್ಯಾಂಪರ್. ಕೊಕ್ಕೆ ನೆಲಕ್ಕೆ ಬಡಿದರೆ ಪುಟಿಯುತ್ತದೆ. ಪುಟಿಯದಂತೆ ಅದುಮಿ ಹಿಡಿಯುವುದು ಡ್ಯಾಂಪರ್ ಕೆಲಸ. ಆ ಹಿಡಿತ ಸಾಕಾಗಲಿಲ್ಲ.

ಮೊನೆಯ ಆಕಾರದ ಮಾತು ಬಂದಾಗ ನನಗೆ ನೆನಪಾಗುವುದು ಪಾತಾಳಗರಡಿ. ಬಾವಿಗೆ ಕೊಡ ಬಿದ್ದರೆ ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ, ಸುತ್ತಲೂ ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲು. ಕೊಡಪಾನ ನೆಟ್ಟಗೆ ಬಿದ್ದು ಅದರ ಕಂಠ ಮೇಲಿದ್ದರೆ ಯಾವ ಕೊಕ್ಕೆಯಾದರೂ ಸಿಕ್ಕುತ್ತದೆ. ಬಕೆಟ್ಟಿನ ಹಿಡಿ ಕೆಸರಿಗೆ ಮಲಗಿದ್ದರೆ ಮಾತ್ರ ಕಷ್ಟ. ಸವೆದು ಮೊಂಡಾದ ಕೊಕ್ಕೆ ಹಿಡಿಯ ಮೇಲೇ ಜಾರುತ್ತದೆ. ಚೂಪಾಗಿ, ಸರಿಯಾಗಿ ಬಾಗಿದ ಕೊಕ್ಕೆಯೇ ಅದರಡಿಗೆ ನುಗ್ಗುತ್ತದೆ. ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತು ಗಂಟೆಗಟ್ಟಲೆ ಆಡಿಸಿದವರಿಗೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಲೆಕ್ಕವನ್ನು ನಂಬಿದ್ದು

ಇಷ್ಟು ಸರಳ ವಿಷಯ ಮೊದಲೇ ಹೊಳೆಯಲಿಲ್ಲವಾ? ಕೊಕ್ಕೆ ಚಕ್ರಕ್ಕೆ ಹತ್ತಿರವಿದೆ ಅನ್ನುವುದು ನಕ್ಷೆ ಬರೆದ ದಿನವೇ ಎಲ್ಲರಿಗೂ ಗೊತ್ತಿತ್ತು. ಆದರೆ ಹಗ್ಗ ಹೇಗೆ ವರ್ತಿಸುತ್ತದೆ ಎಂದು ಹೇಳುವ ಒಂದು ಗಣಿತದ ಮಾದರಿ ಇತ್ತು. ಅದರ ಪ್ರಕಾರ ಕೊಕ್ಕೆ ಬರುವಷ್ಟರಲ್ಲಿ ಹಗ್ಗ ಎದ್ದಿರಬೇಕಿತ್ತು. ಕೊಕ್ಕೆಯನ್ನು ಆ ಮಾದರಿಯ ಮೇಲೆ ಭರವಸೆ ಇಟ್ಟು ರೂಪಿಸಿದರು. ಲೇಕ್‌ಹರ್ಸ್ಟ್‌ನ ಹಗ್ಗ ಮಾದರಿಯ ಮಾತು ಕೇಳಲಿಲ್ಲ.

ನಾನು ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಹಳೆಯ ವಿಮಾನಗಳ ಮಟ್ಟಿಗೆ ಹಗ್ಗದ ಲೆಕ್ಕ ಸ್ವಲ್ಪ ಆಚೀಚೆ ಆದರೂ ನಡೆಯುತ್ತಿತ್ತು. ದೂರ ಜಾಸ್ತಿ ಇದ್ದುದರಿಂದ ಸಮಯ ಧಾರಾಳವಾಗಿ ಸಿಗುತ್ತಿತ್ತು, ಆ ಧಾರಾಳತನ ತಪ್ಪನ್ನು ಮುಚ್ಚುತ್ತಿತ್ತು. ಸ್ಟೆಲ್ತ್‌ಗಾಗಿ ಕೊಕ್ಕೆಯನ್ನು ಒಳಗೆಳೆದಾಗ ಆ ಧಾರಾಳತನ ಹೋಯಿತು. ರಾಡಾರ್ ಕಣ್ಣು ತಪ್ಪಿಸಲು ತೆಗೆದುಕೊಂಡ ನಿರ್ಧಾರಕ್ಕೂ ಡೆಕ್ ಮೇಲಿನ ಹಗ್ಗಕ್ಕೂ ಸಂಬಂಧವೇ ಇಲ್ಲ ಅಂತ ಕಾಣುತ್ತದೆ. ಆದರೆ ಸಂಬಂಧ ಇತ್ತು. ರಾಡಾರ್ ಪರಿಣತರು ಹಗ್ಗವನ್ನು ನೋಡುವುದಿಲ್ಲ, ಹಗ್ಗದ ಪರಿಣತರು ರಾಡಾರನ್ನು ನೋಡುವುದಿಲ್ಲ. ಇಬ್ಬರ ಕೆಲಸವೂ ಒಂದಾಗಿ ಸೇರಿದ್ದು ಆ ರನ್‌ವೇಯಲ್ಲೇ.

2000ದ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಎಕ್ಸ್-35ಸಿ ಎಂಬ ಪ್ರಯೋಗದ ವಿಮಾನ ಮುಂದೆ ಮೇರಿಲ್ಯಾಂಡ್‌ನ ಪಟುಕ್ಸೆಂಟ್ ರಿವರ್ ನೆಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಹಡಗಿನ ಮೇಲೆ ಇಳಿಯುವಂತೆ ನೆಲದ ಮೇಲೆ ಅಭ್ಯಾಸ ಮಾಡಿತ್ತು. ಅದು ಇಳಿಯುವ ಕೋನ, ವೇಗ, ನಿಯಂತ್ರಣ ನೋಡಲು. ಹಗ್ಗ ಹಿಡಿಯುವ ಅಭ್ಯಾಸ ಅದಾಗಿರಲಿಲ್ಲ. ಎಫ್-35ಸಿ ಮೊದಲು ಹಾರಿದ್ದು 2010ರ ಜೂನ್ 6ರಂದು, ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ. ಕೊಕ್ಕೆಗೂ ಹಗ್ಗಕ್ಕೂ ಮುಖಾಮುಖಿಯಾದದ್ದು 2011ರಲ್ಲಿ. ಯೋಜನೆ ಗೆದ್ದು ಹತ್ತು ವರ್ಷ ಆಗಿತ್ತು. ಲೇಕ್‌ಹರ್ಸ್ಟ್‌ನಲ್ಲಿ ಭಾರದ ಬಂಡಿಗಳನ್ನು ಓಡಿಸಿ ಹಗ್ಗಗಳನ್ನು ಪರೀಕ್ಷಿಸುವ ಹಳಿಗಳೇ ಇವೆ. ಅಂಥ ಒಂದು ಬಂಡಿಗೆ ಎರಡು ಚಕ್ರ, 7.1 ಅಡಿ ಹಿಂದೆ ಒಂದು ಕೊಕ್ಕೆ ಕಟ್ಟಿ ಮೊದಲೇ ಓಡಿಸಬಹುದಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಖರ್ಚು ಒಂದು ವಿಮಾನದ ಖರ್ಚಿನ ಮುಂದೆ ಏನೇನೂ ಅಲ್ಲ.

ಪರೀಕ್ಷಕರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರು ನೇರವಾಗಿ ಹಡಗಿಗೆ ಹೋಗಲಿಲ್ಲ. ಹಾರಿ ಬಂದು ಇಳಿಯುವ ಪರೀಕ್ಷೆಯನ್ನೂ ಮೊದಲು ಮಾಡಲಿಲ್ಲ. ನೆಲದ ಮೇಲೆ ಓಡಿಸಿ ಹಗ್ಗಕ್ಕೆ ಸಿಕ್ಕಿಸುವ, ಎಲ್ಲಕ್ಕಿಂತ ಸರಳ ಪರೀಕ್ಷೆಯಿಂದ ಶುರು ಮಾಡಿದರು. ಎಂಟಕ್ಕೆ ಎಂಟೂ ಸೋತರೂ ಯಾರಿಗೂ ಒಂದು ಗೀರು ಆಗಲಿಲ್ಲ. ಪತ್ರಿಕೆಗಳು ಬರೆದದ್ದು ವಿಮಾನದ ಸೋಲು. ಪರೀಕ್ಷೆ ಮಾತ್ರ ಪೂರ್ತಿ ಗೆದ್ದಿತ್ತು.

ವರದಿ ಹೊರಬಂದಾಗ

2011ರ ಕೊನೆಗೆ ಅಮೆರಿಕದ ರಕ್ಷಣಾ ಇಲಾಖೆಯ ಖರೀದಿ ವಿಭಾಗದ ಹೊಣೆ ಹೊತ್ತಿದ್ದ ಫ್ರ್ಯಾಂಕ್ ಕೆಂಡಾಲ್ ಒಂದು ತ್ವರಿತ ಪರಿಶೀಲನೆ ಮಾಡಿಸಿದರು. ನವೆಂಬರ್ 29ರ ದಿನಾಂಕದ ಆ ವರದಿ ದೊಡ್ಡ ತೊಂದರೆಗಳ ಸಾಲಿನಲ್ಲಿ ಐದನ್ನು ಹೆಸರಿಸಿತು. ಹೆಲ್ಮೆಟ್ಟಿನ ಪರದೆ, ಇಂಧನ ಹೊರಚೆಲ್ಲುವ ವ್ಯವಸ್ಥೆ, ವಿದ್ಯುತ್ತು ಮತ್ತು ತಂಪು ಕೊಡುವ ಒಳಯಂತ್ರ, ಗುಟ್ಟಾಗಿಟ್ಟ ಇನ್ನೊಂದು ವಿಷಯ, ಮತ್ತು ನಮ್ಮ ಈ ಕೊಕ್ಕೆ.

ಕೊಕ್ಕೆಯ ಬಗ್ಗೆ ವರದಿಯ ಆತಂಕ ಹೀಗಿತ್ತು: ಮೊನೆಯನ್ನೂ ಡ್ಯಾಂಪರನ್ನೂ ಬದಲಿಸಿ ನೋಡಬೇಕು. ಅದರಿಂದ ಆಗದಿದ್ದರೆ ವಿಮಾನದ ಒಡಲನ್ನೇ ಬದಲಿಸಬೇಕಾಗಬಹುದು. ಒಡಲು ಬದಲಿಸುವುದು ಅಂದರೆ ಏನು? ಗೂಡು ಬೇರೆ ಕಡೆ ಹೋಗಬೇಕು. ಎಳೆತದ ಭಾರ ಹೊರುವ ಒಳಗಿನ ಎಲುಬುಗಳು ಬದಲಾಗಬೇಕು. ಬಾಗಿಲ ಅಂಚುಗಳು ಬದಲಾದರೆ ರಾಡಾರ್ ಲೆಕ್ಕ ಮತ್ತೆ ಮೊದಲಿನಿಂದ. ಮನೆ ಕಟ್ಟಿ ಬಣ್ಣ ಹೊಡೆದ ಮೇಲೆ ಅಡಿಪಾಯ ಅಗೆದ ಹಾಗೆ.

ಇನ್ನೊಂದು ಚಿಂತೆಯೂ ಇತ್ತು. ಪರೀಕ್ಷೆ ಮುಗಿಯುವ ಮೊದಲೇ ವಿಮಾನಗಳನ್ನು ತಯಾರಿಸಿ ಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ದೋಷ ಸಿಕ್ಕರೆ ಆಗಲೇ ಕಟ್ಟಿದ ವಿಮಾನಗಳನ್ನೂ ಬಿಚ್ಚಿ ಸರಿಪಡಿಸಬೇಕು. ಮೊದಲ ಹಾರಾಟ ಪರೀಕ್ಷೆಗೂ ವರ್ಷಗಳ ಮುಂಚೆ ತಯಾರಿಕೆಗೆ ಕೈ ಹಾಕಿದ್ದು ದೊಡ್ಡ ತಪ್ಪು ಎಂದು 2012ರ ಆರಂಭದಲ್ಲಿ ಕೆಂಡಾಲ್ ಅವರೇ ಕಟುವಾಗಿ ಹೇಳಿದರು. ಅವರ ಮಾತು ನನಗೆ ಸರಿ ಅನಿಸುತ್ತದೆ.

ಮೊನೆ ಮತ್ತು ಡ್ಯಾಂಪರ್

ಅದೃಷ್ಟಕ್ಕೆ ಒಡಲು ಕುಯ್ಯುವ ಪ್ರಸಂಗ ಬರಲಿಲ್ಲ. 7.1 ಅಡಿಯನ್ನು ಹಾಗೇ ಬಿಟ್ಟರು. ಹಗ್ಗ ಎದ್ದಿರುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡು, ಮಲಗಿದ ಹಗ್ಗವನ್ನೇ ಎತ್ತಬಲ್ಲ ಕೊಕ್ಕೆ ಮಾಡಲು ಹೊರಟರು. ಮೊನೆಯನ್ನು ತಗ್ಗಿಸಿ ಚೂಪು ಮಾಡಿದರು, ಹಗ್ಗದಡಿಗೆ ನುಗ್ಗಿ ಬಾಚುವ ಹಾಗೆ. ಡ್ಯಾಂಪರಿನ ಒತ್ತುವ ಬಲ ಹೆಚ್ಚಿಸಿ ಕೊಕ್ಕೆ ಪುಟಿಯದಂತೆ ನೋಡಿಕೊಂಡರು. ಕೊಕ್ಕೆಯ ವ್ಯವಸ್ಥೆ ತಯಾರಿಸುತ್ತಿದ್ದುದು ನೆದರ್ಲೆಂಡ್ಸ್‌ನ ಫೊಕ್ಕರ್ ಕಂಪನಿ. ಹೊಸ ವಿನ್ಯಾಸದ ಕೆಲಸವೂ ಅಲ್ಲಿ ನಡೆಯಿತು.

2012ರಲ್ಲಿ ಹೊಸ ಮೊನೆ ಹಗ್ಗ ಹಿಡಿಯಿತು. ಆದರೆ ಪ್ರತಿ ಸಲವೂ ಅಲ್ಲ. ಹಿಡಿದರೆ ಸಾಲದು, ಪ್ರತಿ ಸಲ ಹಿಡಿಯಬೇಕು. ಹಾಗಾಗಿ ಕೊಕ್ಕೆಯ ಇಡೀ ವ್ಯವಸ್ಥೆಯನ್ನು ಮತ್ತೆ ತಿದ್ದಿದರು. ಅದನ್ನು ಸಿಎಫ್-3 ಎಂಬ ಪರೀಕ್ಷಾ ವಿಮಾನಕ್ಕೆ ಕೂರಿಸಿ 2014ರ ಆರಂಭದಲ್ಲಿ ಲೇಕ್‌ಹರ್ಸ್ಟ್‌ನಲ್ಲೇ ಮತ್ತೆ ಓಡಿಸಿದರು. ಈ ಸಲ ಹಗ್ಗ ಸಿಕ್ಕಿತು.

ಮೂರು ವರ್ಷ ಹಿಡಿದದ್ದು ಒಂದು ಕೊಕ್ಕೆಗೆ. ಆ ಮಧ್ಯೆ ಬೇರೆ ಕಷ್ಟಗಳೂ ಇದ್ದವು. 2014ರ ಜೂನ್‌ನಲ್ಲಿ ಫ್ಲಾರಿಡಾದ ಎಗ್ಲಿನ್ ನೆಲೆಯಲ್ಲಿ ಒಂದು ಎಫ್-35ಎ ಹಾರುವ ಮೊದಲೇ ಎಂಜಿನ್ನಿಗೆ ಬೆಂಕಿ ಹತ್ತಿ, ಎಲ್ಲ ಎಫ್-35 ವಿಮಾನಗಳ ಹಾರಾಟವನ್ನೂ ಕೆಲಕಾಲ ನಿಲ್ಲಿಸಿದ್ದರು.

ನಿಮಿಟ್ಜ್ ಡೆಕ್ ಮೇಲೆ

2014ರ ನವೆಂಬರ್ 3. ಸ್ಯಾನ್ ಡಿಯಾಗೊ ಕರಾವಳಿಯಾಚೆ ಯುಎಸ್‌ಎಸ್ ನಿಮಿಟ್ಜ್. ಕಮಾಂಡರ್ ಟೋನಿ ವಿಲ್ಸನ್ ಸಿಎಫ್-3 ವಿಮಾನದಲ್ಲಿ ಬಂದರು. ಲೇಕ್‌ಹರ್ಸ್ಟ್‌ನಲ್ಲಿ ಹೊಸ ಕೊಕ್ಕೆಯ ಪರೀಕ್ಷೆ ಮಾಡಿದ್ದ ಅದೇ ವಿಮಾನ. ಚಕ್ರ ಡೆಕ್ ಮುಟ್ಟಿತು, ಎಂಜಿನ್ ಗರ್ಜಿಸಿತು, ಕೊಕ್ಕೆಗೆ ಹಗ್ಗ ಸಿಕ್ಕಿತು, ವಿಮಾನ ನಿಂತಿತು. ಅದಾದ ಮೇಲೆ ಲೆಫ್ಟಿನೆಂಟ್ ಕಮಾಂಡರ್ ಟೆಡ್ ಡೈಕ್‌ಮನ್ ಸಿಎಫ್-5 ತಂದು ಇಳಿಸಿದರು.

ಎರಡು ವಾರ ಆ ಪರೀಕ್ಷೆ ನಡೆಯಿತು. ರಾತ್ರಿಯೂ ಇಳಿದರು. ಲೆಕ್ಕ ಹೀಗಿದೆ: 33 ಹಾರಾಟ, ಡೆಕ್ ಮುಟ್ಟಿ ಹಾಗೇ ಎದ್ದು ಹೋದದ್ದು 222 ಸಲ, ವಿಮಾನವನ್ನು ಡೆಕ್ಕಿನಿಂದ ಚಿಮ್ಮಿಸುವ ಯಂತ್ರವಾದ ಕ್ಯಾಟಪಲ್ಟ್‌ನಿಂದ ಹಾರಿದ್ದು 124 ಸಲ, ಹಗ್ಗ ಹಿಡಿದು ನಿಂತದ್ದು 124 ಸಲ. ಹಿಡಿಯಬೇಕೆಂದು ಬಂದು ಹಿಡಿಯದೆ ಹೋದದ್ದು ಸೊನ್ನೆ. ಎರಡು ಸಲ ಕೊಕ್ಕೆ ಇಳಿಬಿಟ್ಟೂ ಹಗ್ಗ ತಪ್ಪಿಸಿದರು, ಅದು ಬೇಕೆಂದೇ ಮಾಡಿದ್ದು.

ಈ ಸೊನ್ನೆಗೆ ಕೊಕ್ಕೆಯೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ಇಳಿಯುವ ಇಳಿಜಾರನ್ನು ಕಂಪ್ಯೂಟರೇ ಹಿಡಿದುಕೊಂಡು ಪೈಲಟ್‌ನ ಕೈಗೆ ಕೆಲಸ ಕಡಿಮೆ ಮಾಡುವ ಹೊಸ ತಂತ್ರಾಂಶವೂ ಈ ವಿಮಾನದಲ್ಲಿತ್ತು. ವಿಮಾನ ಸರಿಯಾದ ಜಾಗದಲ್ಲೇ ಬಂದು ಬೀಳುತ್ತಿತ್ತು. ಆದರೂ 0.03 ಸೆಕೆಂಡಿನ ಕೆಲಸ ಮಾಡಿದ್ದು ಆ ಮೊನೆಯೇ.

ಆಮೇಲೆ 2015ರಲ್ಲಿ ಐಸೆನ್‌ಹೋವರ್ ನೌಕೆಯಲ್ಲಿ, 2016ರಲ್ಲಿ ಜಾರ್ಜ್ ವಾಷಿಂಗ್ಟನ್ ನೌಕೆಯಲ್ಲಿ ಮುಂದಿನ ಪರೀಕ್ಷೆಗಳಾದವು. 2019ರ ಫೆಬ್ರವರಿ 28ರಂದು ಎಫ್-35ಸಿ ಕಾರ್ಯಾಚರಣೆಗೆ ಸಿದ್ಧ ಎಂದು ಅಮೆರಿಕದ ನೌಕಾಪಡೆ ಘೋಷಿಸಿತು.

ಅದೇ ಮೆಟ್ಟಿಲು, ಗೋವಾದಲ್ಲಿ

ಈ ಪ್ರಕರಣ ಓದುವಾಗ ನಮ್ಮ ನೌಕಾ ತೇಜಸ್ ನೆನಪಾಗದೆ ಇರುವುದಿಲ್ಲ. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸಿದ ವಿಮಾನ. ಮೊದಲು ಹಾರಿದ್ದೂ ಬೆಂಗಳೂರಿನಲ್ಲೇ, 2012ರ ಏಪ್ರಿಲ್ 27ರಂದು. ಅದು ಸ್ಟೆಲ್ತ್ ವಿಮಾನವಲ್ಲ. ಅದರ ಕೊಕ್ಕೆ ಬಯಲಲ್ಲೇ ಇದೆ, ಬಚ್ಚಿಡುವ ತಾಪತ್ರಯ ಇಲ್ಲ. ಆದರೆ ಹಗ್ಗ ಹಿಡಿಯುವ ಕೆಲಸ ಅದೇ.

ನಮ್ಮವರು ಹತ್ತಿದ ಮೆಟ್ಟಿಲುಗಳೂ ಅವೇ. ಗೋವಾದ ಐಎನ್‌ಎಸ್ ಹಂಸ ನೆಲೆಯಲ್ಲಿ ಹಡಗಿನ ಡೆಕ್ಕನ್ನೇ ಹೋಲುವ ಒಂದು ಪರೀಕ್ಷಾ ತಾಣ ಕಟ್ಟಿದ್ದಾರೆ. 2018ರಲ್ಲಿ ಅಲ್ಲಿ ವಿಮಾನವನ್ನು ನೆಲದ ಮೇಲೆ ಓಡಿಸಿ ಹಗ್ಗಕ್ಕೆ ಸಿಕ್ಕಿಸಿದರು. 2019ರ ಸೆಪ್ಟೆಂಬರ್ 13ರಂದು ಹಾರಿ ಬಂದು ಅಲ್ಲೇ ಹಗ್ಗ ಹಿಡಿದು ಇಳಿಯಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವ್ಲಂಕರ್ ಅದನ್ನು ಐಎನ್‌ಎಸ್ ವಿಕ್ರಮಾದಿತ್ಯದ ಡೆಕ್ ಮೇಲೆ ಇಳಿಸಿದರು. ಕಾರವಾರದ ಕದಂಬ ನೌಕಾನೆಲೆಯೇ ಮನೆಯಾಗಿರುವ ಹಡಗು ಅದು. ಮರುದಿನ ಅದೇ ಡೆಕ್ಕಿನಿಂದ ವಿಮಾನ ಹಾರಿಯೂ ಹೋಯಿತು.

ಆ ತೇಜಸ್ ನೌಕಾಪಡೆಯ ಸೇವೆಗೆ ಸೇರಲಿಲ್ಲ. ಹಡಗಿನ ಕೆಲಸಕ್ಕೆ ಅದರ ತೂಕ ಜಾಸ್ತಿ ಆಯಿತು ಎಂದು ನೌಕಾಪಡೆ 2016ರಲ್ಲೇ ಹೇಳಿತ್ತು. ಆದರೂ ಪರೀಕ್ಷೆ ನಿಲ್ಲಿಸಲಿಲ್ಲ, ಅದು ನನಗೆ ತುಂಬ ಮೆಚ್ಚುಗೆಯಾದ ನಿರ್ಧಾರ. ನಿಜವಾದ ಕೊಕ್ಕೆ ನಿಜವಾದ ಹಗ್ಗಕ್ಕೆ ಸಿಕ್ಕಾಗ ಏನಾಗುತ್ತದೆ ಅನ್ನುವ ಅಳತೆಗಳು ಈಗ ನಮ್ಮ ಕೈಯಲ್ಲೇ ಇವೆ. ಎರಡು ಎಂಜಿನ್ನಿನ ಮುಂದಿನ ನೌಕಾ ವಿಮಾನದ ವಿನ್ಯಾಸ ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ನಡೆದಿದೆ. ಎಎಂಸಿಎ ಎಂಬ ಸ್ಟೆಲ್ತ್ ವಿಮಾನದ ಕೆಲಸವೂ ಅಲ್ಲಿಯದೇ. ಅದಕ್ಕೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಒಪ್ಪಿಗೆ ಕೊಟ್ಟಿತು, ಸುಮಾರು 15,000 ಕೋಟಿ ರೂಪಾಯಿಗೆ. 2025ರ ಏರೋ ಇಂಡಿಯಾದಲ್ಲಿ ಯಲಹಂಕಕ್ಕೆ ಹೋದವರು ಅದರ ಪೂರ್ಣಗಾತ್ರದ ಮಾದರಿ ನೋಡಿರುತ್ತಾರೆ.

ಎಫ್-35ಸಿ ಹಡಗಿಗೆ ಇಳಿಯುವ ವಿಡಿಯೊ ಸಿಕ್ಕಿದರೆ ಒಮ್ಮೆ ನಿಧಾನಗತಿಯಲ್ಲಿ ನೋಡಿ. ಎಲ್ಲರ ಕಣ್ಣೂ ವಿಮಾನದ ಮೂತಿಯ ಮೇಲಿರುತ್ತದೆ. ನೀವು ಮುಖ್ಯ ಚಕ್ರಗಳ ಹಿಂದೆ ನೋಡಿ. ಮುಚ್ಚಿದ್ದ ಹೊಟ್ಟೆಯ ಬಾಗಿಲು ತೆರೆದಿರುತ್ತದೆ, ಕೊಕ್ಕೆ ಇಳಿದಿರುತ್ತದೆ. ಚಕ್ರ ಹಗ್ಗದ ಮೇಲೆ ಹೋಗುತ್ತದೆ, ಹಗ್ಗ ನೆಲಕ್ಕೆ ಅಂಟುತ್ತದೆ. ಅದು ಏಳುವ ಮೊದಲೇ ಮೊನೆ ಅದರಡಿಗೆ ನುಗ್ಗಿರುತ್ತದೆ.